ಮೈಗ್ರೇನಿಗೆ ಬೊಟಾಕ್ಸ್ ಎರಡು ಸುತ್ತು ಮುಗಿಯಿತು, ತಿಂಗಳಿಗೆ 22 ಇದ್ದ ನೋವಿನ ದಿನ 17ಕ್ಕೆ ಇಳಿಯಿತು. ಇದನ್ನು ಗುಣ ಎನ್ನುತ್ತೀರಾ?

ಅರೆಗಣ್ಣು

ಹನ್ನೊಂದು ವರ್ಷದಿಂದ ಮೈಗ್ರೇನ್ ಇದೆ. ಮೊದಲೆಲ್ಲ ತಿಂಗಳಿಗೆ ಎರಡೋ ಮೂರೋ ಸಲ ಬಂದು, ಒಂದು ದಿನ ಮಲಗಿಸಿ ಹೋಗುತ್ತಿತ್ತು. ಮೂರು ವರ್ಷದಿಂದ ಈಚೆಗೆ ಅದು ಬಂದು ಹೋಗುವ ನೆಂಟನಾಗಿ ಉಳಿದಿಲ್ಲ, ಇಲ್ಲೇ ಠಿಕಾಣಿ ಹೂಡಿದೆ. ತಿಂಗಳಲ್ಲಿ ಹದಿನೈದು ಅಥವಾ ಅದಕ್ಕೂ ಹೆಚ್ಚು ದಿನ ತಲೆನೋವು, ಅದರಲ್ಲಿ ಎಂಟು ದಿನವಾದರೂ ಮೈಗ್ರೇನಿನ ಲಕ್ಷಣ, ಹೀಗೆ ಮೂರು ತಿಂಗಳು ದಾಟಿದರೆ ಅದಕ್ಕೆ ದೀರ್ಘಕಾಲಿಕ ಮೈಗ್ರೇನ್ ಎಂದು ಹೆಸರು. ನನ್ನ ಲೆಕ್ಕ 22 ದಿನ ಇತ್ತು. ಹೆಸರು ಸಿಕ್ಕಿತು ಎನ್ನುವುದಷ್ಟೇ ಸಮಾಧಾನ.

ನೋವು ಬಾರದಂತೆ ತಡೆಯುವ ಮಾತ್ರೆಗಳ ಕಥೆ ಇಲ್ಲಿರುವ ಎಲ್ಲರಿಗೂ ಗೊತ್ತಿರುವುದೇ. ಪ್ರೊಪ್ರನೊಲಾಲ್ ನುಂಗಿದೆ, ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತಿತ್ತು. ಅಮಿಟ್ರಿಪ್ಟಿಲಿನ್ ನುಂಗಿದೆ, ಬೆಳಿಗ್ಗೆ ಹತ್ತರವರೆಗೂ ತಲೆಯೊಳಗೆ ಮಂಜು, ಬಾಯಿ ಒಣ. ಟೊಪಿರಮೇಟ್ ಎಂಟು ವಾರ ನಡೆಯಿತು. ಒಂದು ದಿನ ಕಚೇರಿಯ ಸಭೆಯಲ್ಲಿ "ಬೀಗ" ಎಂಬ ಪದ ನೆನಪಿಗೆ ಬಾರದೆ, "ಬಾಗಿಲಿಗೆ ಹಾಕುತ್ತಾರಲ್ಲ, ಅದು" ಎಂದು ಕೈ ತಿರುವಿ ತೋರಿಸಿದೆ. ಅಲ್ಲಿಗೆ ಅದೂ ನಿಂತಿತು.

ಆಮೇಲೆ ಬೊಟಾಕ್ಸ್, ಮುಖದ ಸುಕ್ಕಿಗೂ ಹಾಕುತ್ತಾರಲ್ಲ, ಅದೇ ಇಂಜೆಕ್ಷನ್, 12 ವಾರಕ್ಕೊಂದು ಸುತ್ತು. ಹುಬ್ಬುಗಳ ನಡುವೆ ಮೂರು, ಹಣೆಗೆ ನಾಲ್ಕು, ಎರಡೂ ಕಣತಲೆ ಸೇರಿ ಎಂಟು, ಹಿಂದಲೆಗೆ ಆರು, ಕತ್ತಿನ ಮೇಲ್ಭಾಗಕ್ಕೆ ನಾಲ್ಕು, ಹೆಗಲಿಗೆ ಆರು. ಒಟ್ಟು 31 ಚುಚ್ಚು, 155 ಯೂನಿಟ್. ಎಲ್ಲ ಹತ್ತು ಹದಿನೈದು ನಿಮಿಷದ ಕೆಲಸ. ಹಣೆಯಲ್ಲಿ ಚುರ್ ಎಂದು ಕಣ್ಣಲ್ಲಿ ನೀರು ಬರುತ್ತದೆ. ಕಣತಲೆಯಲ್ಲಿ ಮಾತ್ರ ಒಂದು ಸದ್ದು ಬಂತು, ಒಣ ಎಲೆಯ ಮೇಲೆ ಕಾಲಿಟ್ಟ ಹಾಗೆ. ಪಕ್ಕದಲ್ಲಿ ನಿಂತವರಿಗೆ ಅದು ಕೇಳುವುದಿಲ್ಲ, ನಮ್ಮ ತಲೆಯೊಳಗೇ ಕೇಳುತ್ತದೆ.

ಮೊದಲ ಸುತ್ತಿನ ಕೊನೆಗೆ 20 ದಿನ. ಈಗ ಎರಡನೆಯ ಸುತ್ತಿನ ಹತ್ತನೇ ವಾರ, ಕಳೆದ ತಿಂಗಳು 17. ಮನೆಯವರು "ಮೊದಲಿಗಿಂತ ವಾಸಿ" ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ. ತಿಂಗಳಿಗೆ ಹದಿನೇಳು ದಿನ ತಲೆ ಹಿಡಿದುಕೊಂಡು ಕೂರುವವಳನ್ನು ಯಾರಾದರೂ ಗುಣವಾದಳು ಎನ್ನುತ್ತಾರೆಯೇ? ಎರಡು ವಾರದಲ್ಲಿ ಮೂರನೆಯ ಸುತ್ತು. ಹೋಗಲೋ, ಇಲ್ಲಿಗೇ ಬಿಡಲೋ? ಹಾಕಿಸಿಕೊಂಡವರು ಹೇಳಿ.

ಹೆಗಲುಭಾರ

ಹೋಗಿ. ನಾನು ಒಂಬತ್ತು ಸುತ್ತು ಮುಗಿಸಿದವಳು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನನಗೆ ಮೊದಲ ಸುತ್ತಿನಲ್ಲಿ ಆದದ್ದು ಸೊನ್ನೆ. ಸೊನ್ನೆಯೂ ಅಲ್ಲ, ನಷ್ಟ. ಹೆಗಲಿಗೂ ಕತ್ತಿಗೂ ಹಾಕಿದ ಮೇಲೆ ಹತ್ತನೆಯ ದಿನದಿಂದ ಕತ್ತು ನನ್ನದಲ್ಲ ಎನ್ನುವಂತಾಯಿತು. ತಲೆ ತೊಳೆಯಲು ಬಗ್ಗಿದರೆ ಮತ್ತೆ ಎತ್ತಲು ಗದ್ದಕ್ಕೆ ಕೈ ಕೊಡಬೇಕು. ಮೂರು ವಾರ ಹಾಗೆಯೇ. ಕತ್ತುನೋವು ಈ ಚಿಕಿತ್ಸೆಯ ಸಾಮಾನ್ಯ ಅಡ್ಡಪರಿಣಾಮಗಳಲ್ಲಿ ಒಂದು, ಆದರೆ ಮೊದಲೇ ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಕತ್ತು ತೆಳ್ಳಗಿರುವವರಿಗೆ, ಮೊದಲೇ ಕತ್ತುನೋವು ಇರುವವರಿಗೆ ಎಲ್ಲಿ, ಎಷ್ಟು ಆಳಕ್ಕೆ ಹಾಕುತ್ತಾರೆ ಎನ್ನುವುದರ ಮೇಲೆ ಬಹಳ ನಿಂತಿದೆ. ಮುಂದಿನ ಸಲ ವೈದ್ಯರಿಗೆ ಹೇಳಿದೆ, ಸೂಜಿಯ ಜಾಗವನ್ನು ಸ್ವಲ್ಪ ಮೇಲಕ್ಕೆ ಸರಿಸಿದರು. ಆಮೇಲೆ ಆ ತೊಂದರೆ ಬರಲಿಲ್ಲ.

ನನಗೆ ತಿರುವು ಸಿಕ್ಕಿದ್ದು ಮೂರನೆಯ ಸುತ್ತಿನಲ್ಲಿ. ದೊಡ್ಡ ಪ್ರಯೋಗಗಳ ಲೆಕ್ಕವೂ ಅದನ್ನೇ ಹೇಳುತ್ತದೆ: ನೋವಿನ ದಿನ ಅರ್ಧಕ್ಕಾದರೂ ಇಳಿದವರು ಮೊದಲ ಸುತ್ತಿನಲ್ಲಿ ಶೇಕಡಾ 49ರಷ್ಟು, ಎರಡನೆಯದರಲ್ಲಿ ಹೊಸದಾಗಿ ಇನ್ನೂ 11ರಷ್ಟು, ಮೂರನೆಯದರಲ್ಲಿ ಮತ್ತೆ 10ರಷ್ಟು. ಮೂರನೆಯ ಬಾಗಿಲಿನಲ್ಲಿ ಕೂಡ ಜನ ಒಳಗೆ ಬರುತ್ತಾರೆ. ನೀವು ಎರಡನೆಯದರಲ್ಲೇ ಐದು ದಿನ ಇಳಿಸಿಕೊಂಡಿದ್ದೀರಿ. ಅಂಗಳದವರೆಗೆ ಬಂದು ತಿರುಗಿ ಹೋಗಬೇಡಿ.

ಅನುಮಾನಿ

ಹೆಗಲುಭಾರ ಅವರು ಅರ್ಧ ಲೆಕ್ಕ ಹೇಳಿದ್ದಾರೆ, ಉಳಿದರ್ಧ ನಾನು ಹೇಳುತ್ತೇನೆ. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ದೀರ್ಘಕಾಲಿಕ ಮೈಗ್ರೇನಿಗೆ ಬೊಟಾಕ್ಸ್ ಒಪ್ಪಿದ್ದು ಎರಡು ಪ್ರಯೋಗಗಳ ಬಲದ ಮೇಲೆ, ಒಟ್ಟು 1384 ರೋಗಿಗಳು. 24 ವಾರದ ಹೊತ್ತಿಗೆ ಔಷಧ ಪಡೆದವರಲ್ಲಿ ತಿಂಗಳಿಗೆ 8.4 ತಲೆನೋವಿನ ದಿನ ಕಡಿಮೆಯಾಯಿತು. ಅದೇ 31 ಜಾಗಗಳಿಗೆ ಬರೀ ಉಪ್ಪುನೀರು ಚುಚ್ಚಿಸಿಕೊಂಡವರಲ್ಲಿ? 6.6 ದಿನ. ವ್ಯತ್ಯಾಸ ಎರಡು ದಿನಕ್ಕೂ ಕಡಿಮೆ. ಅರೆಗಣ್ಣು ಅವರ ಐದು ದಿನದಲ್ಲಿ ಔಷಧದ ಪಾಲೆಷ್ಟು, ಸೂಜಿಯ ಮೇಲಿನ ನಂಬಿಕೆಯ ಪಾಲೆಷ್ಟು, ಹೇಗೂ ತಾನೇ ಇಳಿಯಬೇಕಿದ್ದ ನೋವಿನ ಪಾಲೆಷ್ಟು? ಯಾರು ಹೇಳಬಲ್ಲರು?

ನಾನು ನಾಲ್ಕು ಸುತ್ತು ಹಾಕಿಸಿಕೊಂಡು ಬಿಟ್ಟವನು. ಮೂರನೆಯ ಸುತ್ತಿನ ನಂತರ ಎಡಗಣ್ಣಿನ ರೆಪ್ಪೆ ಇಳಿಬಿತ್ತು. ಐದು ವಾರ ಒಂದು ಕಣ್ಣು ನಿದ್ದೆಯಲ್ಲಿ, ಒಂದು ಕಣ್ಣು ಎಚ್ಚರದಲ್ಲಿ. ಎದುರು ಕುಳಿತವರೆಲ್ಲ ನನ್ನ ಮಾತು ಬಿಟ್ಟು ನನ್ನ ರೆಪ್ಪೆಯನ್ನೇ ನೋಡುತ್ತಿದ್ದರು. ನೋವಿನ ದಿನ 19 ಇದ್ದದ್ದು 18.

ಸೂಜಿಯ ಆಚೆಬದಿ

ನಾನು ತಲೆನೋವಿನ ಚಿಕಿತ್ಸಾ ವಿಭಾಗದಲ್ಲಿ ದಾದಿ. ನನಗೂ ಮೈಗ್ರೇನ್ ಇದೆ, ಹಾಗಾಗಿ ಸೂಜಿಯ ಎರಡೂ ಬದಿ ನೋಡಿದ್ದೇನೆ.

ಅನುಮಾನಿ ಅವರೇ, ನಿಮ್ಮ ಅಂಕಿಗಳು ಸರಿಯೇ ಇವೆ. ಆದರೆ ಸರಾಸರಿ ಎನ್ನುವುದು ಒಂದು ವಿಚಿತ್ರ ವಸ್ತು. ಹತ್ತು ಜನರಲ್ಲಿ ನಾಲ್ವರಿಗೆ ಬದುಕೇ ಬದಲಾಗಿ, ಮೂವರಿಗೆ ಸ್ವಲ್ಪ ಹಗುರವಾಗಿ, ಮೂವರಿಗೆ ಏನೂ ಆಗದೆ ಹೋದರೂ ಬರುವುದು ಒಂದೇ ಸಪ್ಪೆ ಸಂಖ್ಯೆ. ಅದೇ ಪ್ರಯೋಗಗಳಲ್ಲಿ ನೋವಿನ ದಿನ ಅರ್ಧಕ್ಕೆ ಇಳಿದವರು ಔಷಧದ ಗುಂಪಿನಲ್ಲಿ ಶೇಕಡಾ 47, ಉಪ್ಪುನೀರಿನ ಗುಂಪಿನಲ್ಲಿ 35. ಉಪ್ಪುನೀರಿಗೂ ಅಷ್ಟು ಫಲ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮೂವತ್ತೊಂದು ಸಲ ಚುಚ್ಚಿಸಿಕೊಂಡ ಮೇಲೆ ಮೆದುಳು "ಏನೋ ಆಯಿತು" ಎಂದುಕೊಳ್ಳದೇ ಇರುತ್ತದೆಯೇ? ಸೂಜಿಗೆ ಮಾತ್ರೆಗಿಂತ ಹೆಚ್ಚಿನ ವರ್ಚಸ್ಸಿದೆ.

ಹಾಗೆಂದು ಇದು ಬರೀ ನಂಬಿಕೆಯ ಆಟವಲ್ಲ. ಬಹಳ ಜನ ಸ್ನಾಯು ಸಡಿಲವಾಗುವುದರಿಂದ ನೋವು ಹೋಗುತ್ತದೆ ಎಂದುಕೊಂಡಿದ್ದಾರೆ. ಈಗಿನ ತಿಳಿವಳಿಕೆ ಬೇರೆ. ನೋವಿನ ನರದ ತುದಿಯಿಂದ ಸಿಜಿಆರ್‌ಪಿಯಂಥ, ನೋವು ಹಬ್ಬಿಸುವ ರಾಸಾಯನಿಕಗಳು ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಹೊರಗೆ ಬರುತ್ತವೆ. ಆ ಚೀಲ ನರದ ಗೋಡೆಗೆ ಕೂಡಿಕೊಳ್ಳಲು ಬೇಕಾದ ಒಂದು ಪ್ರೋಟೀನನ್ನು ಬೊಟಾಕ್ಸ್ ಕತ್ತರಿಸಿಹಾಕುತ್ತದೆ. ಚೀಲ ಒಳಗೇ ಉಳಿಯುತ್ತದೆ. ವಾರಗಳು ಕಳೆದಂತೆ ನರ ಹೊಸ ಪ್ರೋಟೀನು ಮಾಡಿಕೊಳ್ಳುತ್ತದೆ, ಅದಕ್ಕೇ 12 ವಾರಕ್ಕೊಮ್ಮೆ ಮತ್ತೆ ಹಾಕಬೇಕು. ಮುಖದ ಸುಕ್ಕಿಗೆ ಹಾಕಿಸಿಕೊಂಡವರು 1990ರ ದಶಕದಲ್ಲಿ "ತಲೆನೋವೂ ಕಡಿಮೆಯಾಯಿತು" ಎಂದು ಹೇಳತೊಡಗಿದ್ದರಿಂದಲೇ ಈ ದಾರಿ ತೆರೆದದ್ದು. ವೈದ್ಯರಿಗಿಂತ ಮೊದಲು ರೋಗಿಗಳೇ ಕಂಡುಹಿಡಿದ ಚಿಕಿತ್ಸೆ ಎನ್ನಬಹುದು.

ರೆಪ್ಪೆಯ ವಿಷಯ. ಹಣೆಯ ಸೂಜಿಯನ್ನು ಹುಬ್ಬಿಗೆ ತೀರಾ ಹತ್ತಿರ ಹಾಕಿದರೆ, ಔಷಧ ಕೆಳಗೆ ಹರಡಿದರೆ ರೆಪ್ಪೆಯೋ ಹುಬ್ಬೋ ಜೋತುಬೀಳುತ್ತದೆ. ತಾನಾಗಿ ಸರಿಯಾಗುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು. ಆ ದಿನ ಹಣೆ ತಿಕ್ಕಬೇಡಿ ಎಂದು ನಾವು ಹತ್ತು ಸಲ ಹೇಳುವುದು ಅದಕ್ಕೇ. ಅನುಮಾನಿ ಅವರಿಗೆ ಹಾಗಾದದ್ದು ಬೇಸರದ ಸಂಗತಿ. ಹಾಕುವವರ ಕೈ ಇಲ್ಲಿ ಬಹಳ ಮುಖ್ಯ, ನಮ್ಮವರೆಂದು ಮುಚ್ಚಿಡುವುದಿಲ್ಲ.

ಅರೆಗಣ್ಣು ಅವರೇ, ನಿಮಗೊಂದು ಪ್ರಶ್ನೆ. ನೋವಿನ ದಿನಗಳ ಲೆಕ್ಕ ಕೊಟ್ಟಿದ್ದೀರಿ. ನೋವಿನ ಮಾತ್ರೆ ತೆಗೆದುಕೊಂಡ ದಿನಗಳ ಲೆಕ್ಕ ಎಲ್ಲಿ?

ತಮ್ಮನ ಅಕ್ಕ

ನನ್ನ ತಮ್ಮನಿಗೆ ಮುಂದಿನ ವಾರ ಮೊದಲ ಸುತ್ತು. ಸೂಜಿ ಎಂದರೆ ಬೆವರುತ್ತಾನೆ. ತುಂಬಾ ನೋಯುತ್ತದೆಯೇ? ನಿಜ ಹೇಳಿ, ಅವನಿಗೆ ಓದಿ ಹೇಳಬೇಕು.

ಹೆಗಲುಭಾರ

ಸೂಜಿ ಕೂದಲೆಳೆಯಷ್ಟು ಸಪೂರ. ಹಣೆಯ ಮೊದಲ ಏಳು ಚುಚ್ಚು ಉರಿಯುತ್ತವೆ, ಅದು ದಾಟಿದರೆ ಉಳಿದದ್ದು ಸುಲಭ. ನಾನು ಎಣಿಸುತ್ತಾ ಕೂರುತ್ತೇನೆ. ಏಳು, ಹದಿನೈದು, ಇಪ್ಪತ್ತೊಂದು. ಇಪ್ಪತ್ತೊಂದು ಬಂದರೆ ಇನ್ನು ಕತ್ತು, ಹೆಗಲು ಮಾತ್ರ ಬಾಕಿ ಎಂದರ್ಥ. ಮೈಗ್ರೇನ್ ಸಹಿಸಿದವನಿಗೆ ಇದು ಲೆಕ್ಕಕ್ಕಿಲ್ಲ ಎಂದು ತಮ್ಮನಿಗೆ ಹೇಳಿ. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗುವುದು ಬೇಡ, ತಲೆ ಸುತ್ತಿದರೆ ಮಲಗಿಸಿ ಹಾಕಿ ಎಂದು ಕೇಳಬಹುದು. ಸಂಜೆ ಹಣೆಯ ಮೇಲೆ ಸೊಳ್ಳೆ ಕಚ್ಚಿದಂಥ ಗುಳ್ಳೆಗಳಿರುತ್ತವೆ, ಹೋಗುತ್ತವೆ.

ನಾಲ್ಕನೇ ಪೆನ್ನು

ಇಲ್ಲಿ ಎಲ್ಲರೂ ಬೊಟಾಕ್ಸ್ ಎಂದೇ ಮಾತನಾಡುತ್ತಿದ್ದಾರೆ, ಪೆನ್ನಿನ, ಎಂದರೆ ಪೆನ್ನಿನಂತಿರುವ ಇಂಜೆಕ್ಷನ್ನಿನ ಪಕ್ಷದಿಂದ ನಾನೊಬ್ಬ.

ಮೇಲೆ ಸಿಜಿಆರ್‌ಪಿ ಹೆಸರು ಬಂತಲ್ಲ, ಅದರ ಕೆಲಸವನ್ನೇ ನೇರವಾಗಿ ತಡೆಯುವ ಪ್ರತಿಕಾಯಗಳು 2018ರಿಂದ ಬಂದಿವೆ. ಮೈಗ್ರೇನ್ ತಡೆಯಲೆಂದೇ ಹುಟ್ಟಿದ ಔಷಧಗಳು ಇವು. ಪ್ರೊಪ್ರನೊಲಾಲ್ ರಕ್ತದೊತ್ತಡದ್ದು, ಅಮಿಟ್ರಿಪ್ಟಿಲಿನ್ ಖಿನ್ನತೆಯದ್ದು, ಟೊಪಿರಮೇಟ್ ಅಪಸ್ಮಾರದ್ದು. ಅಲ್ಲಿಯವರೆಗೆ ನಾವು ಬೇರೆಯವರ ಅಂಗಿ ತೊಟ್ಟುಕೊಂಡು ತಿರುಗುತ್ತಿದ್ದೆವು. ಮೈಗ್ರೇನ್ ಬಂದಾಗ ಕತ್ತಿನ ರಕ್ತನಾಳದಲ್ಲಿ ಸಿಜಿಆರ್‌ಪಿ ಏರುತ್ತದೆ ಎಂದು ಗೋಡ್ಸ್‌ಬಿ, ಎಡ್ವಿನ್ಸನ್ ಮತ್ತು ಸಂಗಡಿಗರು ತೋರಿಸಿದ್ದು 1990ರಲ್ಲಿ. ಔಷಧ ಕೈಗೆ ಬರಲು ಇಪ್ಪತ್ತೆಂಟು ವರ್ಷ. ನನ್ನ ತಲೆನೋವು ಆ ಇಪ್ಪತ್ತೆಂಟು ವರ್ಷದ ಒಳಗೇ ಹುಟ್ಟಿ ಬೆಳೆದು ದೊಡ್ಡದಾಯಿತು.

ಅವುಗಳಲ್ಲೊಂದಾದ ಎರೆನುಮ್ಯಾಬ್ ತಿಂಗಳಿಗೊಮ್ಮೆ, ನಾವೇ ಹಾಕಿಕೊಳ್ಳುವುದು. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಮೇಜಿನ ಮೇಲಿಡಬೇಕು. ಮೊದಲ ಸಲ ನಾನು ಅವಸರಪಟ್ಟು ತಣ್ಣಗಿರುವಾಗಲೇ ಹಾಕಿಕೊಂಡೆ, ತೊಡೆಯೊಳಗೆ ಮಂಜುಗಡ್ಡೆಯ ಗೆರೆ ಎಳೆದ ಹಾಗಾಯಿತು. ಪೆನ್ನನ್ನು ತೊಡೆಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ "ಟಕ್" ಎನ್ನುತ್ತದೆ. ಆಮೇಲೆ ಹದಿನೈದು ಸೆಕೆಂಡ್ ಕೈ ಅಲ್ಲಾಡಿಸದೆ, ಪೆನ್ನಿನ ಕಿಂಡಿ ಹಳದಿಯಾಗುವವರೆಗೆ ಕಾಯಬೇಕು. ನಾನು ಹತ್ತಕ್ಕೇ ಎತ್ತಿಬಿಟ್ಟೆ. ಅರ್ಧ ಔಷಧ ತೊಡೆಯ ಮೇಲೆ ಹನಿಹನಿಯಾಗಿ ಹರಿಯಿತು. ಹಾಗೆ ಹರಿದುಹೋದದ್ದನ್ನು ನೋಡುತ್ತಾ ಕೂತ ಆ ಐದು ನಿಮಿಷ ನನಗೆ ಮೈಗ್ರೇನಿಗಿಂತ ಹೆಚ್ಚು ನೋವು ಕೊಟ್ಟಿತು.

ಫಲ? ಎರಡನೆಯ ವಾರದಲ್ಲೇ ಗೊತ್ತಾಯಿತು. 18 ದಿನ ಇದ್ದದ್ದು 9. ಆದರೆ ಹೊಟ್ಟೆ ಕಲ್ಲಾಯಿತು. ಮಲಬದ್ಧತೆ ಎಂದು ಕಾಗದದಲ್ಲಿ ಒಂದು ಪದ ಬರೆದಿರುತ್ತಾರೆ, ಅನುಭವಿಸಿದವನಿಗೆ ಅದೊಂದು ಅಧ್ಯಾಯ. ಆರು ತಿಂಗಳಿಗೆ ವೈದ್ಯರು ಫ್ರೆಮನೆಝುಮ್ಯಾಬಿಗೆ ಬದಲಿಸಿದರು. ಎರೆನುಮ್ಯಾಬ್ ಸಿಜಿಆರ್‌ಪಿ ಕೂರುವ ಪೀಠವನ್ನೇ ಮುಚ್ಚುತ್ತದೆ, ಫ್ರೆಮನೆಝುಮ್ಯಾಬ್ ಸಿಜಿಆರ್‌ಪಿಯನ್ನೇ ಹಿಡಿಯುತ್ತದೆ. ಒಂದು ಕುರ್ಚಿಗೆ ಬೀಗ, ಇನ್ನೊಂದು ಕೂರಲು ಬರುವವನಿಗೆ ಕೋಳ. (ಬೀಗ ಎಂದರೆ ಬಾಗಿಲಿಗೆ ಹಾಕುತ್ತಾರಲ್ಲ, ಅದು. ಕ್ಷಮಿಸಿ, ಅರೆಗಣ್ಣು ಅವರೇ.) ಹೊಟ್ಟೆ ಸರಿಹೋಯಿತು, ದಿನ 10ರ ಆಸುಪಾಸಿನಲ್ಲಿ ನಿಂತಿದೆ.

ಅರೆಗಣ್ಣು

ಕ್ಷಮಿಸಿದ್ದೇನೆ. ಎಷ್ಟೋ ದಿನದ ಮೇಲೆ ಗಟ್ಟಿಯಾಗಿ ನಕ್ಕೆ.

ದಾದಿ ಅಕ್ಕ ಕೇಳಿದ ಲೆಕ್ಕ ಇನ್ನೂ ಮಾಡಿಲ್ಲ. ಇಂದು ನೋವಿನ ದಿನ. ನಾಳೆ ದಿನಚರಿ ತೆಗೆಯುತ್ತೇನೆ.

ಅನುಮಾನಿ

ಪೆನ್ನಿನವರ ಉತ್ಸಾಹಕ್ಕೆ ನೀರೆರಚುವ ಉದ್ದೇಶವಿಲ್ಲ. ಆದರೂ, ದೀರ್ಘಕಾಲಿಕ ಮೈಗ್ರೇನಿನಲ್ಲಿ ಎರೆನುಮ್ಯಾಬ್ ಪ್ರಯೋಗ ನಡೆದಾಗ ಔಷಧದವರಿಗೆ 6.6 ದಿನ ಇಳಿಯಿತು, ಉಪ್ಪುನೀರಿನಂಥ ಸುಳ್ಳುಮದ್ದಿನವರಿಗೆ 4.2. ಅಲ್ಲಿಯೂ ಎರಡೂವರೆ ದಿನದ ಮಾತೇ.

ನಾಲ್ಕನೇ ಪೆನ್ನು

ನನ್ನ ಒಂಬತ್ತು ದಿನಗಳನ್ನು ಸರಾಸರಿಗೆ ಕೊಟ್ಟುಬಿಡಲು ನಾನು ಸಿದ್ಧನಿಲ್ಲ, ಅಣ್ಣ.

ಕಿಟಕಿಪರದೆ

ಒಂದು ಕಹಿ ಅನುಭವವೂ ಇಲ್ಲಿ ದಾಖಲಾಗಲಿ. ನನಗೆ ಯಾವುದೂ ಹಿಡಿಯಲಿಲ್ಲ. ಬೊಟಾಕ್ಸ್ ಐದು ಸುತ್ತು, ಎರೆನುಮ್ಯಾಬ್ ಆರು ತಿಂಗಳು, ಅದೇ ಬಗೆಯ ಗಾಲ್ಕನೆಝುಮ್ಯಾಬ್ ಐದು ತಿಂಗಳು. ಅದರಲ್ಲಿ ಮೊದಲ ತಿಂಗಳು ಎರಡು ಪೆನ್ನು ಒಟ್ಟಿಗೆ, ಆಮೇಲೆ ಒಂದೊಂದು. ಪ್ರತಿ ಸಲ ಹೊಸ ಔಷಧ ಎಂದಾಗ ಎದೆಯಲ್ಲಿ ಒಂದು ದೀಪ ಹತ್ತುತ್ತದೆ, ಮೂರನೆಯ ತಿಂಗಳಿಗೆ ಆರುತ್ತದೆ. ಸೂಜಿಗಿಂತ ಹೆಚ್ಚು ನೋಯುವುದು ಅದು. ಇಂಥ ಕಡೆ ಗೆದ್ದವರೇ ಹೆಚ್ಚು ಬರೆಯುತ್ತಾರೆ, ನಮ್ಮಂಥವರು ಓದಿ ಸುಮ್ಮನಾಗುತ್ತೇವೆ. "ನೀವು ಸರಿಯಾಗಿ ಕಾದಿಲ್ಲ", "ಮನಸ್ಸು ಗಟ್ಟಿ ಮಾಡಿ" ಎಂದು ಯಾರೂ ಬರೆಯದಿದ್ದರೆ ಉಪಕಾರ.

ನನಗೆ ಸ್ವಲ್ಪ ಬಿಡುವು ಕೊಟ್ಟದ್ದು ಹಿಂದಲೆಯ ನರಕ್ಕೆ ಹಾಕುವ ಮರಗಟ್ಟಿಸುವ ಇಂಜೆಕ್ಷನ್ ಮಾತ್ರ. ಇಲ್ಲಿ ಬೇರೆ ಯಾರಾದರೂ ಹಾಕಿಸಿಕೊಂಡಿದ್ದೀರಾ?

ಬೆಳಗಿನ ಮೂರು ಗಂಟೆ

ನಾನು ಹಾಕಿಸಿಕೊಂಡಿದ್ದೇನೆ, ಎರಡು ಬಾರಿ. ತಲೆಬುರುಡೆಯ ಹಿಂಭಾಗದಲ್ಲಿ ಬೆರಳಿಟ್ಟು ಒತ್ತಿ, ಎಲ್ಲಿ ಒತ್ತಿದರೆ ನೋವು ಕಣ್ಣಿನ ಹಿಂದಕ್ಕೆ ಓಡುತ್ತದೋ ಅಲ್ಲಿ ಲಿಡೊಕೇನ್ ಹಾಕಿದರು. ಐದು ನಿಮಿಷದಲ್ಲಿ ಹಿಂದಲೆ ಮರಗಟ್ಟಿತು, ಬಾಚಣಿಗೆ ಆಡಿಸಿದರೆ ಬೇರೆ ಯಾರದ್ದೋ ತಲೆ ಬಾಚಿದ ಹಾಗೆ. ಹತ್ತು ದಿನದಿಂದ ಬಿಡದೆ ಹಿಡಿದಿದ್ದ ನೋವು ಆ ಕುರ್ಚಿಯಲ್ಲೇ ಇಳಿಯಿತು. ಮರಗಟ್ಟುವಿಕೆ ಕೆಲವು ಗಂಟೆಗಳಲ್ಲಿ ಹೋಯಿತು, ನೋವು ಮಾತ್ರ ಮೂರು ವಾರ ದೂರವಿತ್ತು. ಎರಡನೆಯ ಸಲ ಜೊತೆಗೆ ಸ್ಟೀರಾಯ್ಡ್ ಸೇರಿಸಿದರು. ಒಂದೂವರೆ ತಿಂಗಳಿಗೆ ಅದೇ ಜಾಗದಲ್ಲಿ ನಾಣ್ಯದಗಲ ಕೂದಲು ಉದುರಿ, ಚರ್ಮ ಸ್ವಲ್ಪ ತಗ್ಗಾಯಿತು. ಸ್ಟೀರಾಯ್ಡಿನಿಂದ ಹೀಗಾಗಬಹುದು ಎಂದು ಆಮೇಲೆ ತಿಳಿಯಿತು. ಕೂದಲು ಮರಳಿ ಬರಲು ತಿಂಗಳುಗಳೇ ಬೇಕಾದವು. ಹಾಕುವ ಮುನ್ನ ಸಿರಿಂಜಿನಲ್ಲಿ ಏನೇನಿದೆ ಎಂದು ಕೇಳಿಕೊಳ್ಳಿ.

ಇನ್ನೊಂದು ಇಂಜೆಕ್ಷನ್ನಿನ ಹೆಸರು ಯಾರೂ ಎತ್ತಲಿಲ್ಲ: ಸುಮಾಟ್ರಿಪ್ಟಾನ್, 6 ಮಿಲಿಗ್ರಾಂ, ಚರ್ಮದಡಿಗೆ. ಇದು ತಡೆಯಲು ಅಲ್ಲ, ಬಂದದ್ದನ್ನು ಓಡಿಸಲು. ನನ್ನ ಮೈಗ್ರೇನ್ ಬೆಳಗಿನ ಜಾವ ಮೂರಕ್ಕೆ ಎಬ್ಬಿಸುತ್ತದೆ, ಎದ್ದ ಕೂಡಲೇ ವಾಂತಿ. ಮಾತ್ರೆ ನುಂಗಿದರೆ ಹೊರಗೆ ಬರುತ್ತದೆ. ಸೂಜಿಗೆ ಹೊಟ್ಟೆಯ ಹಂಗಿಲ್ಲ, ಕಾಲು ಗಂಟೆಯಲ್ಲಿ ಕೆಲಸ ಶುರು. ಮೊದಲ ಸಲ ಎದೆ ಬಿಗಿದು, ಮುಖ ಬಿಸಿಯಾಗಿ, ಸತ್ತೇ ಹೋದೆ ಎಂದುಕೊಂಡೆ. ಹತ್ತು ನಿಮಿಷದಲ್ಲಿ ಅದು ಇಳಿಯಿತು. ಹೃದ್ರೋಗ ಇರುವವರಿಗೆ, ಹಿಡಿತಕ್ಕೆ ಸಿಗದ ರಕ್ತದೊತ್ತಡ ಇರುವವರಿಗೆ ಇದನ್ನು ಕೊಡುವುದಿಲ್ಲ. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಹಾಕಿಕೊಳ್ಳುವಂತಿಲ್ಲ, ನಡುವೆ ಒಂದು ಗಂಟೆಯಾದರೂ ಬಿಡಬೇಕು.

ಸೂಜಿಯ ಆಚೆಬದಿ

ಮೇಲಿನವರು ಒಂದು ದಿನದ ಮಿತಿ ಹೇಳಿದರು, ತಿಂಗಳ ಮಿತಿ ಅದಕ್ಕಿಂತ ಮುಖ್ಯ. ಟ್ರಿಪ್ಟಾನ್ ಜಾತಿಯ ಔಷಧ ತಿಂಗಳಿಗೆ ಹತ್ತು ದಿನ ಅಥವಾ ಹೆಚ್ಚು, ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ಮಾತ್ರೆ ಹದಿನೈದು ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿದರೆ ಔಷಧವೇ ತಲೆನೋವಿಗೆ ಗೊಬ್ಬರವಾಗತೊಡಗುತ್ತದೆ. ಹಾಗಾದವರಿಗೆ ನೋವು ತಡೆಯುವ ಇಂಜೆಕ್ಷನ್ ಕೆಲಸ ಮಾಡುವುದೇ ಇಲ್ಲ ಎಂದಲ್ಲ, ಮಾಡುತ್ತದೆ. ಆದರೆ ಒಂದು ಕೈಯಲ್ಲಿ ನೀರು, ಇನ್ನೊಂದು ಕೈಯಲ್ಲಿ ಎಣ್ಣೆ ಹಿಡಿದು ಬೆಂಕಿ ಆರಿಸಿದ ಹಾಗೆ.

ಇನ್ನೊಂದು ಮಾತು, ಯಾರೂ ಕೇಳದಿದ್ದರೂ ಹೇಳಬೇಕಾದದ್ದು. ಮಗು ಬೇಕು ಎಂದುಕೊಂಡಿರುವವರು ಪ್ರತಿಕಾಯದ ಪೆನ್ನು ಹಿಡಿಯುವ ಮುನ್ನವೇ ವೈದ್ಯರಿಗೆ ತಿಳಿಸಿ. ಅದು ಮೈಯಿಂದ ನಿಧಾನವಾಗಿ ಹೋಗುತ್ತದೆ, ಅರ್ಧ ಕರಗಲಿಕ್ಕೇ ಸುಮಾರು ನಾಲ್ಕು ವಾರ. ಗರ್ಭ ಧರಿಸುವುದಕ್ಕೆ ಐದಾರು ತಿಂಗಳು ಮೊದಲೇ ನಿಲ್ಲಿಸಲು ತಜ್ಞರು ಹೇಳುವುದು ಅದಕ್ಕೇ.

ಕಿಟಕಿಪರದೆ ಅವರೇ, ನೀವು ಬರೆದದ್ದು ಒಳ್ಳೆಯದಾಯಿತು. ವಿಭಾಗದಲ್ಲಿ ನಿಮ್ಮಂಥವರನ್ನು ವಾರಕ್ಕೆ ಇಬ್ಬರು ಮೂವರಾದರೂ ನೋಡುತ್ತೇನೆ. ಅವರು ಕಾದ ರೀತಿಯಲ್ಲಿ ತಪ್ಪಿರಲಿಲ್ಲ.

ಅರೆಗಣ್ಣು

ದಿನಚರಿ ತೆಗೆದೆ.

ನನ್ನದು ಸಾದಾ ಗೋಡೆ ಕ್ಯಾಲೆಂಡರಿನ ಲೆಕ್ಕ. ಸಣ್ಣ ನೋವಿಗೆ ಆ ದಿನದ ಮನೆಯ ಮೂಲೆಯಲ್ಲಿ ಪೆನ್ಸಿಲಿನ ಒಂದು ಗೆರೆ, ಹೆಚ್ಚಾದರೆ ಎರಡು ಗೆರೆ, ಕತ್ತಲು ಮಾಡಿಕೊಂಡು ಮಲಗಿದ ದಿನವಾದರೆ ಇಡೀ ಮನೆ ಕಪ್ಪು. ಮಾತ್ರೆ ನುಂಗಿದರೆ ಕೆಳಗೊಂದು ಸೊನ್ನೆ. ಇಷ್ಟು ದಿನ ನಾನು ಗುರುತಿರುವ ಮನೆಗಳನ್ನು ಎಣಿಸುತ್ತಿದ್ದೆನೇ ಹೊರತು, ಯಾವ ಗುರುತು ಎಂದು ನೋಡಿರಲಿಲ್ಲ.

ಬೊಟಾಕ್ಸಿಗೆ ಮೊದಲಿನ ತಿಂಗಳ ಹಾಳೆಯನ್ನೂ ಕಳೆದ ತಿಂಗಳ ಹಾಳೆಯನ್ನೂ ಅಕ್ಕಪಕ್ಕ ಇಟ್ಟೆ. ಮೊದಲಿನದರಲ್ಲಿ ಕಪ್ಪು ಮನೆ ಒಂಬತ್ತು. ಪೆನ್ಸಿಲ್ ಒತ್ತಿದ ಒತ್ತಿಗೆ ಎರಡು ಕಡೆ ಕಾಗದ ಹರಿದಿದೆ, ಹಿಂದಿನ ತಿಂಗಳಿನ ಅಂಕಿ ತೂತಿನಿಂದ ಇಣುಕುತ್ತದೆ. ಕಳೆದ ತಿಂಗಳು ಕಪ್ಪು ಮನೆ ಮೂರು. ಉಳಿದ ಹದಿನಾಲ್ಕರಲ್ಲಿ ಹೆಚ್ಚಿನವು ಒಂಟಿ ಗೆರೆ. ಸೊನ್ನೆಗಳು ಆಗ ಹದಿನಾಲ್ಕು, ಈಗ ಏಳು.

ಹದಿನಾಲ್ಕು ದಿನ ಟ್ರಿಪ್ಟಾನ್ ನುಂಗುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೆ ಸುಳ್ಳು, ಎಣಿಸಲು ಮನಸ್ಸಿರಲಿಲ್ಲ. ಮನೆಯವರು "ವಾಸಿ" ಎಂದದ್ದು ಈ ಕಪ್ಪು ಮನೆಗಳನ್ನು ನೋಡಿ. ಒಂಬತ್ತು ದಿನ ಮುಚ್ಚಿದ ಬಾಗಿಲಿನ ಹೊರಗೆ ಕಾಲಿನ ಸದ್ದಾಗದಂತೆ ನಡೆದವರು ಅವರು. ನನಗಿಂತ ಮೊದಲು ಅವರಿಗೆ ಗೊತ್ತಾಗಿದೆ.

ಹಾಗಿದ್ದರೂ ನನಗೇಕೆ ಏನೂ ಬದಲಾಗಿಲ್ಲ ಅನ್ನಿಸುತ್ತಿತ್ತು? ಬಹುಶಃ ಎಂಟನೆಯ ವಾರದವರೆಗೆ ಹಗುರವಿದ್ದು, ಈಗ ಹತ್ತನೆಯ ವಾರದಲ್ಲಿ ಮತ್ತೆ ಹೆಚ್ಚಾಗಿರುವುದರಿಂದ ಇರಬೇಕು. ಹತ್ತು ದಿನದಲ್ಲಿ ಎರಡು ಕಪ್ಪು ಮನೆ ಬಂದುಬಿಟ್ಟಿವೆ.

ಹೆಗಲುಭಾರ

ಅದೇ, ಅದೇ! ಕೊನೆಯ ಎರಡು ಮೂರು ವಾರ ಔಷಧದ ಹಿಡಿತ ಸಡಿಲುತ್ತದೆ. ಹತ್ತನೆಯ ವಾರದ ಕಣ್ಣಿನಿಂದ ನೋಡಿದರೆ ಇಡೀ ಸುತ್ತು ವ್ಯರ್ಥ ಎಂದೇ ಕಾಣುತ್ತದೆ. ನಾನು ಆ ವಾರಗಳಲ್ಲಿ ಯಾವ ದೊಡ್ಡ ತೀರ್ಮಾನವನ್ನೂ ಮಾಡುವುದಿಲ್ಲ, ಚಿಕಿತ್ಸೆಯ ಬಗ್ಗೆಯಂತೂ ಇಲ್ಲವೇ ಇಲ್ಲ. ವೈದ್ಯರಿಗೆ ಈ ಸಡಿಲುವಿಕೆಯ ವಿಷಯ ಹೇಳಿ. ಅವಧಿಯನ್ನು 12 ವಾರಕ್ಕಿಂತ ಮುಂಚೆ ತರುವುದು ಸಾಮಾನ್ಯವಾಗಿ ಇಲ್ಲ, ಆದರೆ ನೋವು ಹೆಚ್ಚಿರುವ ಕಡೆ ಕೆಲವು ಚುಚ್ಚು ಸೇರಿಸಬಹುದು. 155ರ ಬದಲು 195 ಯೂನಿಟ್‌ವರೆಗೆ ಹೋಗಲು ಅವಕಾಶವಿದೆ. ನನಗೆ ಬಲ ಕಣತಲೆಗೂ ಹಿಂದಲೆಗೂ ಸೇರಿಸಿದರು, ಆಗ ಸಡಿಲು ಒಂದು ವಾರ ಮುಂದೆ ಹೋಯಿತು.

ಅನುಮಾನಿ

ಒಂಬತ್ತರಿಂದ ಮೂರು, ಹದಿನಾಲ್ಕರಿಂದ ಏಳು. ಇದನ್ನು ಮೊದಲೇ ಬರೆದಿದ್ದರೆ ನಾನು ಅಷ್ಟುದ್ದ ಬರೆಯುತ್ತಿರಲಿಲ್ಲ. ಮಾತ್ರೆ ಕಡಿಮೆಯಾದದ್ದರಿಂದ ನೋವು ಇಳಿಯಿತೋ, ನೋವು ಇಳಿದದ್ದರಿಂದ ಮಾತ್ರೆ ಕಡಿಮೆಯಾಯಿತೋ ಎಂಬ ಪ್ರಶ್ನೆ ನನಗಿನ್ನೂ ಇದೆ. ಆದರೆ ಮೂರನೆಯ ಸುತ್ತಿಗೆ ಹೋಗಿ. ನಾನಾಗಿದ್ದರೂ ಹೋಗುತ್ತಿದ್ದೆ.

ನನ್ನ ರೆಪ್ಪೆಯ ಪ್ರಸಂಗ ಓದಿ ಹೆದರಬೇಡಿ. ಹಾಕುವವರಿಗೆ ಮೊದಲೇ "ಹುಬ್ಬಿನಿಂದ ದೂರ" ಎಂದು ಹೇಳಿಬಿಡಿ.

ತಮ್ಮನ ಅಕ್ಕ

ತಮ್ಮನಿಗೆ ಆಯಿತು. ಇಪ್ಪತ್ತೊಂದರವರೆಗೆ ಗಟ್ಟಿಯಾಗಿ ಎಣಿಸಿದನಂತೆ, ಆಮೇಲೆ ವೈದ್ಯರೇ ಎಣಿಸಿದರಂತೆ. ಗೋಡೆ ಕ್ಯಾಲೆಂಡರ್ ಒಂದು ತಂದುಕೊಟ್ಟಿದ್ದೇನೆ. ಪೆನ್ಸಿಲನ್ನು ದಾರದಲ್ಲಿ ಕಟ್ಟಿ ನೇತುಹಾಕಿದ್ದಾನೆ.

ಕಿಟಕಿಪರದೆ

ನನ್ನ ಕಡೆಯ ಸುದ್ದಿ: ಮುಂದಿನ ತಿಂಗಳು ಎಪ್ಟಿನೆಝುಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯ. ಪೆನ್ನಲ್ಲ, ರಕ್ತನಾಳಕ್ಕೆ ಡ್ರಿಪ್ ಮೂಲಕ, ಮೂರು ತಿಂಗಳಿಗೊಮ್ಮೆ, ಅರ್ಧ ಗಂಟೆಯ ಕೆಲಸ. ಈ ಸಲ ದೀಪ ಹಚ್ಚಿಲ್ಲ. ಬೆಂಕಿಪೊಟ್ಟಣ ಮಾತ್ರ ಹತ್ತಿರ ಇಟ್ಟುಕೊಂಡಿದ್ದೇನೆ.

ಅರೆಗಣ್ಣು (ಎಂಟು ವಾರದ ನಂತರ)

ಮೂರನೆಯ ಸುತ್ತು ಆಯಿತು, 185 ಯೂನಿಟ್. ಹುಬ್ಬಿನಿಂದ ದೂರ ಎಂದು ಹೇಳಿದೆ. ವೈದ್ಯರು ನಕ್ಕು, ಯಾರು ಹೇಳಿಕೊಟ್ಟರು ಎಂದು ಕೇಳಿದರು. ರೆಪ್ಪೆಗಳು ಎರಡೂ ತಮ್ಮ ಜಾಗದಲ್ಲಿವೆ. ಹಣೆ ಮಾತ್ರ ಅಲುಗುವುದಿಲ್ಲ, ಆಶ್ಚರ್ಯವಾದರೂ ನನ್ನ ಮುಖಕ್ಕೆ ಗೊತ್ತಾಗುವುದಿಲ್ಲ.

ಕಳೆದ ತಿಂಗಳು 14 ದಿನ. ಕಪ್ಪು ಮನೆ ಎರಡು, ಸೊನ್ನೆ ಆರು. ಹದಿನೈದಕ್ಕಿಂತ ಕಡಿಮೆ ಬಂದದ್ದು ಮೂರು ವರ್ಷದಲ್ಲಿ ಇದೇ ಮೊದಲು.

ಅನುಮಾನಿ

ಒಂದು ತಿಂಗಳ ಲೆಕ್ಕ ಲೆಕ್ಕವಲ್ಲ. ಮೂರು ತಿಂಗಳು ಆದ ಮೇಲೆ ಬರೆಯಿರಿ.

(ಸಂತೋಷವಾಯಿತು.)

ಅರೆಗಣ್ಣು

ಬರೆಯುತ್ತೇನೆ ಅಣ್ಣ. ಈಗ ಎಡಗಣ್ಣಿನ ಮೇಲೆ ಶುರುವಾಗಿದೆ, ಸದ್ಯಕ್ಕೆ ಒಂದೇ ಗೆರೆ. ಪರದೆ ಎಳೆದುಕೊಳ್ಳುತ್ತೇನೆ.